ಖಾತೆಗೆ ಬಾರದ ಮೊದಲ ಪಗಾರ

ನನ್ನ ವೀಸಾ ಅರ್ಜಿ ತಿರಸ್ಕಾರವಾದ ಸುದ್ದಿ ಕೇಳಿದ್ದು ಜಮಖಂಡಿ ಕೋರ್ಟಿನ ಎದುರಿಗಿದ್ದ ಒಂದು ಝೆರಾಕ್ಸ್ ಅಂಗಡಿಯಲ್ಲಿ, ನಿಂತುಕೊಂಡು. ಕುರ್ಚಿ ಒಂದೇ ಇತ್ತು, ಅದರ ಮೇಲೆ ನಮ್ಮ ಮಾವ ಕೂತಿದ್ದರು. ಅಂಗಡಿಯವರು ಪಾಸ್‌ಪೋರ್ಟು, ಹೊಲದ ಉತಾರ, ಜಾತಿ ಪ್ರಮಾಣಪತ್ರ ಎಲ್ಲ ಮಾಡಿಸಿಕೊಡುವವರು. ನನ್ನ ಅರ್ಜಿ ತುಂಬಿದ್ದೂ ಅವರೇ. ಅದಕ್ಕೆಂದೇ ಇಂಗ್ಲಿಷಿನ ಆ ಲಕೋಟೆಯನ್ನು ಒಡೆಯದೆ ನಮ್ಮೂರು ರನ್ನ ಬೆಳಗಲಿಯಿಂದ ಅವರ ಹತ್ತಿರ ತಂದಿದ್ದೆವು. ಅವರು ಮೊದಲ ಪುಟ ಓದಿದರು, ಎರಡನೆಯದನ್ನು ಓದಿದರು, ಮತ್ತೆ ಮೊದಲಿನದಕ್ಕೆ ಬಂದರು.

“ಏನಂದಾರ್ರಿ?” ಎಂದರು ಮಾವ.

“ಇಲ್ಲ ಅಂದಾರ್ರಿ.”

“ಏನ ಇಲ್ಲ?”

“ವೀಸಾ ಇಲ್ರಿ. ತಂಗೀನ ಕಳಸಾಕ ಆಗೂದಿಲ್ಲ.”

ಮಾವ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಝೆರಾಕ್ಸ್ ಮಶೀನು ಯಾರದೋ ಕಾಗದಗಳನ್ನು ಒಂದೊಂದಾಗಿ ಹೊರಗೆ ಹಾಕುತ್ತಲೇ ಇತ್ತು. ನನಗೆ ಏನೂ ಅನಿಸಲಿಲ್ಲ. ಇಷ್ಟು ವರ್ಷಗಳ ಮೇಲೆ ನೆನಪಿಸಿಕೊಂಡರೂ ಅಲ್ಲಿ ಸಿಗುವುದು ಮಶೀನಿನ ಸದ್ದು ಮತ್ತು ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿದ್ದು, ಅಷ್ಟೇ.

ಅಂಗಡಿಯವರು ಮೇಜಿನ ಮೇಲೆ ಬೆರಳಿಟ್ಟು ತಿಳಿಸಿ ಹೇಳಿದರು. ಹೆಂಡತಿಯನ್ನು ಕರೆಸಿಕೊಳ್ಳುವವನು ಆರು ತಿಂಗಳ ಪಗಾರದ ಚೀಟಿ ಕೊಡಬೇಕು. ಆ ಆರೂ ಪಗಾರ ಅವನ ಬ್ಯಾಂಕ್ ಖಾತೆಯಲ್ಲಿ ಬಿದ್ದದ್ದು ಕಾಣಬೇಕು. ಚೀಟಿಗೂ ಬ್ಯಾಂಕಿಗೂ ತಾಳೆಯಾಗಬೇಕು.

“ಚೀಟಿ ಆರು ಅದಾವ್ರಿ. ಬ್ಯಾಂಕಿನಾಗ ಬಿದ್ದದ್ದು ಐದ. ಮೊದಲನೇ ತಿಂಗಳದ್ದು ಬಿದ್ದಿಲ್ಲ.”

“ನೀವು ನೋಡಲಿಲ್ಲೇನ್ರಿ ಮೊದಲ?”

“ಎಣಿಸಿದ್ನಿರಿ. ಕಾಗದ ಬರೋಬರಿ ಇದ್ದೂ. ಒಳಗಿಂದು ಒಂದಕ್ಕೊಂದು ಹಚ್ಚಿ ನೋಡಲಿಲ್ಲ. ನನ್ನದೂ ತಪ್ಪೈತಿ.” ಅವರು ಆ ದಿನದ ಝೆರಾಕ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ತಪ್ಪು ಒಪ್ಪಿಕೊಳ್ಳುವವರು ಸಿಗುವುದೂ ಒಂದು ಪುಣ್ಯ ಎಂದು ಅಂದೇ ಎಣಿಸಿಕೊಂಡೆ.

ಮಾವ ನನ್ನ ಕಡೆ ತಿರುಗಿ, “ಆ ತಿಂಗಳ ಪಗಾರ ಎಲ್ಲಿ ಹೋತವಾ?” ಎಂದರು.

ಎಲ್ಲಿ ಹೋಗಿತ್ತೆಂದು ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ನಮ್ಮ ಯಜಮಾನರು ಇಂಗ್ಲೆಂಡಿನ ಒಂದು ಊರಲ್ಲಿ, ವಯಸ್ಸಾದವರನ್ನು ಇಟ್ಟುಕೊಂಡು ನೋಡುವ ಮನೆಯಲ್ಲಿ ನರ್ಸ್ ಆಗಿದ್ದರು. ಕುರಿ ಕಾಯುವ ಮನೆತನದ ಗಂಡುಹುಡುಗ ನರ್ಸಿಂಗ್ ಕಲಿಯಲು ಹೊರಟಾಗ ಊರು ನಕ್ಕಿತ್ತಂತೆ. ನಮ್ಮ ಮದುವೆಗೆ ಎಷ್ಟೋ ಮುಂಚೆ ಹೋಗಿ, ಅಲ್ಲೇ ಇರುವ ಹಕ್ಕನ್ನೂ ಪಡೆದಿದ್ದರು. ಮದುವೆಯಾಗಿ ನಲವತ್ತು ದಿನ ನನ್ನೊಂದಿಗೆ ಇದ್ದು ತಿರುಗಿ ಹೋದರು. ಹೆಂಡತಿಯನ್ನು ಕರೆಸಿಕೊಳ್ಳಲು ಇಂತಿಷ್ಟು ಪಗಾರ ಇರಬೇಕೆಂದು ಅಲ್ಲಿಯ ನಿಯಮ. ಅವರದು ಸ್ವಲ್ಪ ಕಡಿಮೆ ಬೀಳುತ್ತಿತ್ತು. ಹೆಚ್ಚು ಪಗಾರದ ಜಾಗ ಹುಡುಕುತ್ತ ಒಂದು ವರ್ಷ ಹೋಯಿತು.

ಆಗ ನಾನು ಬೀರಪ್ಪನ ಗುಡಿಗೆ ಹೋಗಿ ಹಣೆಗೆ ಅರಿಷಿಣದ ಭಂಡಾರ ಹಚ್ಚಿಕೊಂಡು ಬೇಡಿಕೊಂಡೆ: ನನ್ನನ್ನು ಕರೆಸಿಕೊಳ್ಳುವಷ್ಟು ಪಗಾರದ ಕೆಲಸ ಅವರಿಗೆ ಸಿಗಲಿ, ಅದರ ಮೊದಲ ಪಗಾರ ನಿನ್ನದು. ಎರಡು ತಿಂಗಳೊಳಗೆ ಕೆಲಸ ಸಿಕ್ಕಿತು. ದೇವರು ತನ್ನ ಮಾತು ಉಳಿಸಿಕೊಂಡ. ಇನ್ನು ನನ್ನದು.

ನಮ್ಮ ಮಾವನ ಮನೆಯಲ್ಲಿ ಒಂದು ನಡೆಯಿದೆ. ಮರಿ ಬೆಳೆದು ಮೊದಲ ಸಲ ಉಣ್ಣೆ ಕತ್ತರಿಸಿದಾಗ ಆ ಉಣ್ಣೆ ಹೊಸ್ತಿಲು ದಾಟಿ ಮನೆಯೊಳಗೆ ಬರುವುದಿಲ್ಲ. ಕುರಿಹಟ್ಟಿಯಿಂದ ನೇರವಾಗಿ ಗುಡಿಗೆ. ಮನೆಯೊಳಗೆ ಬಂದು ಹೋದರೆ ನಾವು ಉಂಡು ಮಿಕ್ಕಿದ್ದನ್ನು ಕೊಟ್ಟಂತೆ. ಕೊಟ್ಟವರು ಅದನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಹೇಳಿದರೆ ಕೊಟ್ಟದ್ದು ದೇವರಿಗೆ ಮುಟ್ಟದೆ ಊರಿನವರ ಹೊಗಳಿಕೆಗೆ ಹೋಗುತ್ತದೆ. ಸೊಸೆಯಾಗಿ ಬಂದ ಮೊದಲ ವರ್ಷವೇ ನೋಡಿದ್ದೆ, ಮಾವ ಉಣ್ಣೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಯ ಮುಂದೆಯೇ ಹಾದು ಹೋದರು, ಒಳಗೆ ನೀರು ಕೇಳಲೂ ಬರಲಿಲ್ಲ.

ಇದನ್ನೇ ನಾನು ಪಗಾರಕ್ಕೆ ಹಚ್ಚಿದೆ. ಫೋನಿನಲ್ಲಿ ಯಜಮಾನರು, “ಬ್ಯಾಂಕಿಗೆ ಬೀಳ್ಲಿ, ಆಮ್ಯಾಲ ತಗದು ಕಳಸ್ತೀನಿ. ಅದಕ್ಕೇನಾತು?” ಎಂದಿದ್ದರು.

“ನಮ್ಮ ಖಾತೆಕ್ಕ ಬಂದ್ರ ಮನ್ಯಾಗ ಬಂದಂಗ ಅಲ್ಲೇನ್ರಿ?”

ಅವರು ಜೋರಾಗಿ ನಕ್ಕರು. “ಅಂದ್ರ ನಾನೂ ಹಟ್ಟ್ಯಾಗಿನ ಕುರಿ ಆದ್ನಿ ಅನ್ನು.”

“ಹಂಗಲ್ರಿ...”

“ಆತ ಬಿಡ. ಕತ್ತರಸ್ಕೊಂಡ ಬರ್ತೀನಿ.”

ಹೊಸ ಕೆಲಸದ ಮನೆಯ ಒಡತಿಗೆ ಕೇಳಿ ಮೊದಲ ತಿಂಗಳ ಪಗಾರವನ್ನು ಕೈಯಲ್ಲೇ ಈಸಿಕೊಂಡರು. ಚೀಟಿಯನ್ನು ಮಾತ್ರ ಎಲ್ಲ ತಿಂಗಳಂತೆ ಕೊಟ್ಟರಂತೆ. ಅಲ್ಲೇ ಇದ್ದ ಗೋಕಾಕ ಕಡೆಯವರೊಬ್ಬರು ಊರಿಗೆ ಬರುವವರಿದ್ದರು. ಅವರು ಅದನ್ನು ರೂಪಾಯಿ ಮಾಡಿಸಿ ತಂದು ನನಗೆ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟರು. ಕಾಯಿಪಲ್ಲೆಯ ಚೀಲದಲ್ಲಿ ಇಟ್ಟುಕೊಂಡೆ. ಮನೆಗೆ ಹೋಗದೆ ಗುಡಿಗೆ ಹೋದೆ, ಪೂಜಾರಿಯವರು ನೀರು ತರಲು ಹೋದಾಗ ಹುಂಡಿಯಲ್ಲಿ ಹಾಕಿದೆ. ನೋಟಿನ ಕಟ್ಟು ಒಮ್ಮೆಲೇ ಹಿಡಿಯಲಿಲ್ಲ, ಬಿಚ್ಚಿ ನಾಲ್ಕು ಸಲ ಹಾಕಬೇಕಾಯಿತು. ಅಷ್ಟು ಹೊತ್ತೂ ಯಾರೂ ಬರಲಿಲ್ಲವಲ್ಲ ಎಂದು ಕೈಮುಗಿದು ಬಂದೆ. ಅತ್ತೆ ಕೇಳಿದ್ದು, “ಬದನಿಕಾಯಿ ಸಿಗಲಿಲ್ಲೇನ?” ಎಂದಷ್ಟೇ.

ಜಮಖಂಡಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಹೊರಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು. ನನ್ನ ತವರು ಬೀಳಗಿ ಕಡೆ. ಡ್ಯಾಮಿನ ಹಿನ್ನೀರಿಗೆ ನಮ್ಮ ಊರು ಹೋದಾಗ ನಾನು ಸಣ್ಣವಳು. ಮನೆಗಳಿಗೆ ನಂಬರು ಬರೆಯಲು ಬಂದವರು ನಮ್ಮ ಮನೆಗೆ ಬರೆದರು, ಹಿಂದಿನ ದನದ ಕೊಟ್ಟಿಗೆಗೆ ಬರೆಯಲಿಲ್ಲ. ಅಪ್ಪ ಎಮ್ಮೆ ಮೇಯಿಸಲು ಹೋಗಿದ್ದರು, ಹೇಳುವವರಿರಲಿಲ್ಲ. ಪರಿಹಾರ ಬರೆಯುವಾಗ ಕೊಟ್ಟಿಗೆ ಇರಲೇ ಇಲ್ಲ ಎಂದಾಯಿತು. ಅದರಲ್ಲಿ ನಾನು ಆಡಿ ಬೆಳೆದಿದ್ದೆ. ಕಾಗದದ ಮೇಲೆ ಬಾರದ್ದು ಇಲ್ಲದಂತೆಯೇ ಎಂದು ಅಪ್ಪ ಆಮೇಲೆ ಎಷ್ಟು ಸಲ ಹೇಳಿರಲಿಲ್ಲ. ಆ ಮನೆಯ ಮಗಳಾಗಿ ನಾನೇ ಇದನ್ನು ಮಾಡಿದ್ದೆ.

ಮನೆಗೆ ಬಂದವಳು ಕಟ್ಟಿಟ್ಟ ಬ್ಯಾಗು ಬಿಚ್ಚಿದೆ. ಅತ್ತೆ ತಂದುಕೊಟ್ಟಿದ್ದ ಬನಹಟ್ಟಿಯ ಎರಡು ನೂಲಿನ ಸೀರೆಗಳನ್ನು ಟ್ರಂಕಿಗೆ ಹಾಕಿದೆ. ಶೇಂಗಾ ಚಟ್ನಿಪುಡಿಯನ್ನು ಡಬ್ಬಿಗೆ ಸುರಿದೆ. ಆ ಸಂಜೆ ಎಲ್ಲರೂ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡೆವು. ಚಲೋ ಆಗಿತ್ತು.

ಮರುದಿನದಿಂದ ಮಾತು ಸುರುವಾಯಿತು. ಪಕ್ಕದ ಮನೆಯವಳು ನಳದ ಹತ್ತಿರ, “ಏನ ಬೇ, ಪರದೇಶಕ್ಕ ಹೋಗಾಕಿ ಇನ್ನೂ ಇಲ್ಲೇ ಕೊಡ ಹೊರಾಕತ್ತೀದಿ? ವಿಮಾನ ಪಂಚರ್ ಆತೇನ?” ಎಂದಳು. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನಗು ತಾನಾಗಿ ಬಂತು, ನನ್ನದೇ ಎನಿಸಲಿಲ್ಲ.

ಮನೆಯಲ್ಲಿ ಅತ್ತೆಗೆ ಪಂಚರಿನ ಚಿಂತೆ ಇರಲಿಲ್ಲ. ಅವರಿಗೆ ಬೇರೆಯದೇ ಹೊಳೆದಿತ್ತು. ತೊಗರಿಬೇಳೆ ಹಸನು ಮಾಡುತ್ತ ಮೆಲ್ಲಗೆ ಹೇಳುತ್ತಿದ್ದರು. “ಇಡೀ ತಿಂಗಳ ಪಗಾರ ಮಂಗಮಾಯ ಆಗೂದಂದ್ರೇನ? ಅಲ್ಲಿ ಯಾರನ್ನರ ಇಟ್ಕೊಂಡಾನ. ಆಕಿ ಕೈಯಾಗ ಕೊಟ್ಟಾನ. ಹೆಂಡ್ತಿ ಬರಬಾರದಂತ ತಾನ ತಪ್ಪು ಕಾಗದ ಹಚ್ಚ್ಯಾನ.” ಆಮೇಲೆ ನನ್ನ ಮುಖ ನೋಡಿ, “ನೀ ಏನೂ ಮನಸಿಗಿ ಹಚ್ಕೋಬ್ಯಾಡ ಬೇ. ನಿನ್ನ ತಪ್ಪೇನೈತಿ?” ಎಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅತ್ತೆ ಹಾಗೆ ಸಮಾಧಾನ ಹೇಳುವಾಗಲೂ ನಾನು ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೇಳಿದರೆ ಕೊಟ್ಟದ್ದು ಕೆಡುತ್ತದೆ ಎಂಬ ಭಯ ಅರ್ಧ. ಇನ್ನರ್ಧ ಮಾತಾಡುವ ಶಕ್ತಿಯೇ ಇರಲಿಲ್ಲ. ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದೆ, ಒಲೆ ಹಚ್ಚುತ್ತಿದ್ದೆ, ಭಂಡಾರ ಹಚ್ಚಿಕೊಳ್ಳುತ್ತಿದ್ದೆ. ದೇವರ ಮುಂದೆ ನಿಂತರೆ ಕೇಳಬೇಕಾದ ಪ್ರಶ್ನೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎಣ್ಣೆ ಮುಗಿದಿದೆಯೇ, ಬತ್ತಿ ನೆಟ್ಟಗಿದೆಯೇ ಎಂದಷ್ಟೇ ನೋಡುತ್ತಿದ್ದೆ. ನಾನು ಬೇಡಿದ್ದನ್ನು ಅವನು ಕೊಟ್ಟಿದ್ದ. ನಾನು ಒಪ್ಪಿಕೊಂಡದ್ದನ್ನು ಮುಟ್ಟಿಸಿದ್ದೆ. ಇಬ್ಬರದೂ ಸರಿಯಾಗಿಯೇ ಇತ್ತು. ವೀಸಾ ಮಾತ್ರ ಇರಲಿಲ್ಲ.

ನಾಲ್ಕನೆಯ ದಿನ ಯಜಮಾನರು ಫೋನು ಮಾಡಿದರು. ಮಾವನೇ ಎತ್ತಿಕೊಂಡರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ, ಈ ಕಡೆಯ ಮಾತು ಮಾತ್ರ ಕೇಳುತ್ತಿತ್ತು.

“ಆ ಪಗಾರ ಏನ ಮಾಡಿದ್ಯೋ?... ಖರ್ಚಾತು?... ಎದಕ್ಕ ಖರ್ಚಾತು?... ಏ, ನಿಮ್ಮವ್ವ ಇಲ್ಲಿ ಅನ್ನ ನೀರು ಬಿಟ್ಟಾಳ, ಖರೆ ಹೇಳ... ಹೇಳಂಗಿಲ್ಲಂದ್ರ ಹೇಳಬ್ಯಾಡಪಾ.”

ಫೋನು ಇಟ್ಟು ಮಾವ ಒಳಗೆ ಬಂದು ಅತ್ತೆಗೆ ಹೇಳಿದರು. “ತನ್ನ ಖರ್ಚಿಗಿ ಬಳಸ್ಯಾನಂತ. ತಪ್ಪು ತನ್ನದ ಅಂತ. ಸೊಸಿಗಿ ಏನೂ ಅನಬ್ಯಾಡ್ರಿ ಅಂದ.”

“ನೋಡ್ರಿ, ನಾ ಹೇಳಲಿಲ್ಲೇನ!” ಎಂದು ಅತ್ತೆ ಹಣೆ ಬಡಿದುಕೊಂಡರು.

ಕಾವಲಿಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ತಿರುವಿ ಹಾಕಿದೆ. ನನ್ನ ಹರಕೆಯ ಮರ್ಯಾದೆ ಉಳಿಸಲು ಅವರು ಏಳು ಸಮುದ್ರದ ಆಚೆ ಕೂತು ತಮ್ಮ ತಾಯಿಯ ಮುಂದೆ ಕಳ್ಳರಾಗಿದ್ದರು. ನಲವತ್ತು ದಿನ ಕಂಡ ಮನುಷ್ಯ. ಅವರ ಮುಖ ನೆನಪಿಸಿಕೊಳ್ಳಲು ನೋಡಿದೆ, ಮದುವೆಯ ಫೋಟೋದ ಮುಖವೇ ಬಂತು. ಇನ್ನು ಸುಮ್ಮನಿದ್ದರೆ ಅದು ಹರಕೆಯಾಗುವುದಿಲ್ಲ, ಸುಳ್ಳಾಗುತ್ತದೆ ಎಂದು ತಿಳಿಯಿತು.

“ಅತ್ತೀ, ಆ ಪಗಾರ ಗುಡಿಗಿ ಹೋಗೇತ್ರಿ.”

“ಯಾವ ಗುಡಿಗಿ?”

“ನಮ್ಮ ಬೀರಪ್ಪನ ಗುಡಿಗೇರಿ. ನಾ ಹರಕಿ ಹೊತ್ತಿದ್ನಿ. ನಾನ ಹುಂಡಿಗಿ ಹಾಕಿ ಬಂದೀನಿ. ಖಾತೆಕ್ಕ ಹಾಕಬ್ಯಾಡ್ರಿ ಅಂತ ಅವರಿಗೆ ಹೇಳಿದಾಕಿನೂ ನಾನ. ಅವರದೇನೂ ತಪ್ಪಿಲ್ರಿ.”

“ಇಡೀ ಪಗಾರ?”

“ಇಡೀದ್ರಿ.”

ಬೈಗುಳ ಬರುತ್ತದೆ ಎಂದು ಕಾಯುತ್ತ ಇನ್ನೊಂದು ರೊಟ್ಟಿ ಬಡಿದೆ.

“ಅಯ್ಯ ನಿನ್ನ! ನನ್ನ ಮಗಗ ಇನ್ನೊಬ್ಬಾಕಿನ್ನ ಕಟ್ಟಿ ನಾಕ ದಿನ ಅತ್ನೆಲ್ಲ ಬೇ! ಆಕಿ ಹೆಂಗದಾಳು, ಎಷ್ಟ ಎತ್ತರ ಅದಾಳು, ಎಲ್ಲಾ ಕಣ್ಣಾಗ ಕಟ್ಟಿತ್ತು ನನಗ!”

ಮಾವ ಹೊರಗೆ ಹೋದರು. ನಗಲಿಕ್ಕೋ, ಬೀಡಿ ಸೇದಲಿಕ್ಕೋ ಗೊತ್ತಾಗಲಿಲ್ಲ. ಅತ್ತೆ ಆ ದಿನ ಮೂರು ರೊಟ್ಟಿ ಉಂಡರು. ನಾಲ್ಕು ದಿನದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ಪುಣ್ಯದ ಎಣಿಕೆಯಲ್ಲಿ ಹಿಡಿದೆ.

ಬೆಳಿಗ್ಗೆ ಹಟ್ಟಿಗೆ ಬುತ್ತಿ ಕೊಡಲು ಹೋದಾಗ ಮಾವ ಕುರಿಗಳನ್ನು ಹೊರಗೆ ಬಿಡುತ್ತಿದ್ದರು. ಎರಡೆರಡಾಗಿ ಎಣಿಸುವುದು ಅವರ ರೂಢಿ. ಎಣಿಸಿ ಮುಗಿಸಿ ಒಂದು ಮರಿಯ ಬೆನ್ನ ಮೇಲೆ ಕೈಯಾಡಿಸಿದರು. ಅದರ ಉಣ್ಣೆ ಹಿಂದಿನ ತಿಂಗಳು ಗುಡಿಗೆ ಹೋಗಿತ್ತು.

“ಇದರ ಉಣ್ಣಿ ದೇವರಿಗೆ ಕೊಟ್ವಿಲ್ಲವಾ?”

“ಹೂನ್ರಿ ಮಾವಾರ.”

“ಕೊಟ್ಟೇನಂತ ಕುರಿ ಎಣಿಸೂದು ಬಿಡ್ತೀನೇನ? ಉಣ್ಣಿ ಅವಂದು. ಎಣಿಕಿ ನಂದು. ಎಣಿಕಿ ತಪ್ಪಿದ್ರ ತೋಳ ಒಯ್ದದ್ದೂ ತಿಳಿಯೂದಿಲ್ಲ.”

ಅಷ್ಟೇ ಹೇಳಿದ್ದು. ಆಮೇಲೆ ಬುತ್ತಿ ಬಿಚ್ಚಿ, ಉಳ್ಳಾಗಡ್ಡಿ ತಂದಿಲ್ಲವೇ ಎಂದು ಕೇಳಿದರು. ತಂದಿದ್ದೆ.

ಅಂಗಡಿಯವರನ್ನು ಕೇಳಿದಾಗ, ಗುಡಿಯಿಂದ ರಸೀದಿ ತಂದರೂ ನಡೆಯುವುದಿಲ್ಲ, ಬ್ಯಾಂಕಿನಲ್ಲಿ ಬಿದ್ದದ್ದೇ ಬೇಕು ಎಂದರು. ಮೊದಲ ಚೀಟಿಯನ್ನು ಬಿಟ್ಟು ಅದರ ಮುಂದಿನ ತಿಂಗಳುಗಳ ಚೀಟಿ ಹಚ್ಚಿ ಹೊಸ ಅರ್ಜಿ ಹಾಕಬಹುದು. ಆದರೆ ಕಟ್ಟಿದ ಫೀ ತಿರುಗಿ ಬರುವುದಿಲ್ಲ. ಮತ್ತೆ ಪೂರ್ತಿ ಕಟ್ಟಬೇಕು. ಅದನ್ನು ಕೂಡಿಸಲು ಯಜಮಾನರಿಗೆ ಎಂಟು ತಿಂಗಳು ಹಿಡಿಯಿತು. ಆ ವರ್ಷ ಊರಿಗೆ ಬರಬೇಕೆಂದಿದ್ದ ರಜೆಯನ್ನೂ ಬಿಟ್ಟು ದುಡಿದರು. ನಾವು ಮತ್ತೆ ಒಬ್ಬರನ್ನೊಬ್ಬರು ನೋಡುವುದು ಅಷ್ಟು ದೂರ ಹೋಯಿತು.

ಆ ಎಂಟು ತಿಂಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ರವಿವಾರ ಫೋನು ಬರುತ್ತಿತ್ತು. “ಉಂಡಿ?” ಎಂದು ಕೇಳುತ್ತಿದ್ದರು. “ಉಂಡೀನ್ರಿ, ನೀವು?” ಎನ್ನುತ್ತಿದ್ದೆ. ಒಮ್ಮೆ ನಾನು, “ಮಾವಾರ ಮುಂದ ಯಾಕ ಸುಳ್ಳ ಹೇಳಿದ್ರಿ?” ಎಂದು ಕೇಳಿದೆ.

“ನೀ ಹೇಳಬಾರದಂತ ಅಂದಿದ್ದೆಲ್ಲ. ಹೇಳಿದ್ರ ಕೆಡತೈತಿ ಅಂತ.”

“ಅತ್ತಿ ಏನೇನೋ ತಿಳ್ಕೊಂಡಿದ್ರು.”

“ಗೊತ್ತೈತಿ. ಅಪ್ಪ ಹೇಳ್ಯಾನ. ಎತ್ತರ ಇದ್ಲಂತಲ್ಲ ಆಕಿ?” ಎಂದು ನಕ್ಕರು. ಫೋನು ಇಟ್ಟ ಮೇಲೂ ಅದನ್ನು ಕಿವಿಗೇ ಹಿಡಿದುಕೊಂಡು ನಿಂತಿದ್ದೆ ಎಂದು ಅತ್ತೆ ಆಮೇಲೆ ಹೇಳಿದರು.

ಆ ನಡುವೆ ಗುಡಿಯವರು ಹುಂಡಿ ಒಡೆದರು. ಎಂದೂ ಇಲ್ಲದಷ್ಟು ಬಂದಿದೆ, ಯಾರೋ ಪುಣ್ಯಾತ್ಮರು ಹಾಕಿದ್ದಾರೆ ಎಂದು ಊರಲ್ಲಿ ಮಾತಾಯಿತು. ಗುಡಿಯ ಮುಂದೆ ಜನ ಬಿಸಿಲಲ್ಲೇ ಕೂಡುತ್ತಿದ್ದರು, ಅಲ್ಲಿಗೆ ತಗಡಿನ ಶೆಡ್ಡು ಹಾಕಿಸಿದರು. ನಳದ ಹತ್ತಿರ ಪಂಚರಿನ ಮಾತಾಡಿದ್ದವಳು, “ಪುಣ್ಯಾತ್ಮ ಯಾರೋ ಏನೋ, ಅವನ ಹೊಟ್ಟಿ ತಣ್ಣಗಿರಲಿ” ಎಂದಳು. ಅತ್ತೆ ನನ್ನ ಕಡೆ ನೋಡಿ ಬಾಯಿಗೆ ಸೆರಗು ಹಿಡಿದರು. ನಾನು ಕೊಡ ತುಂಬಿತೇ ಎಂದು ನೋಡುತ್ತಿದ್ದೆ.

ಎರಡನೆಯ ಸಲ ಜಮಖಂಡಿಗೆ ಹೋದಾಗ ಮಾವ ಅಂಗಿಯ ಕಿಸೆಯಲ್ಲಿ ಜೋಳ ತಂದಿದ್ದರು. ಅಂಗಡಿಯವರು ಕಾಗದ ಹರವಿದರು. ಮಾವನಿಗೆ ಇಂಗ್ಲಿಷು ಬಾರದು, ಅಂಕಿ ಬರುತ್ತದೆ. ಹೊಸ ಆರು ಚೀಟಿಗಳಲ್ಲಿ ಮೊದಲನೆಯದರ ಕೆಳಗಿನ ಅಂಕಿಯ ಮೇಲೆ ಒಂದು ಬೆರಳು, ಬ್ಯಾಂಕಿನ ಹಾಳೆಯ ಮೇಲೆ ಇನ್ನೊಂದು ಬೆರಳು ಇಟ್ಟು, ಎರಡೂ ಒಂದೇ ಎಂದು ಕಂಡ ಮೇಲೆ ಆ ಜೋಡಿಯ ಮೇಲೆ ಒಂದು ಜೋಳದ ಕಾಳು ಇಟ್ಟರು. ಹಿಂದೆ ನಿಂತ ಗಿರಾಕಿಯೊಬ್ಬ, “ಯಜ್ಜಾ, ಝೆರಾಕ್ಸ್ ಅಂಗಡ್ಯಾಗ ಬಿತ್ತಾಕತ್ತಿಯೇನ?” ಎಂದ.

“ಹೂನಪಾ. ಬೆಳದ್ರ ನಿನಗೂ ಒಂದ ತೆನಿ ಕೊಡ್ತೀನಿ, ನಿಂದ್ರ.”

ಹೀಗೆ ಜೋಡಿಗೊಂದರಂತೆ ಆರು ಕಾಳು ಆದವು. ಮಾವ ಮತ್ತೊಮ್ಮೆ ಎಣಿಸಿದರು. ಅಂಗಡಿಯವರೂ ಎಣಿಸಿದರು. ನನ್ನನ್ನೂ ಎಣಿಸಲು ಹೇಳಿದರು. ಎಣಿಸಿದೆ. ಕಾಗದಗಳು ಲಕೋಟೆಗೆ ಹೋದ ಮೇಲೆ ಮಾವ ಕಾಳುಗಳನ್ನು ಆಯ್ದು ಕಿಸೆಗೆ ಹಾಕಿಕೊಂಡರು.

ಮೂರು ತಿಂಗಳಿಗೆ ಪಾಸ್‌ಪೋರ್ಟು ತಿರುಗಿ ಬಂತು. ಒಳಗೆ ಒಂದು ಪುಟದ ತುಂಬ ಅಂಟಿಸಿದ ಚೀಟಿ, ಅದರಲ್ಲಿ ನನ್ನ ಫೋಟೋ. ಯಾರೋ ಬೇರೆ ಹೆಂಗಸಿನಂತೆ ಇದ್ದಳು. ಅತ್ತೆ ಸಕ್ಕರೆ ಹಂಚಿದರು. ನಾನು ಟ್ರಂಕಿನಿಂದ ಬನಹಟ್ಟಿಯ ಸೀರೆಗಳನ್ನು ತೆಗೆದು ಮತ್ತೆ ಬ್ಯಾಗಿಗೆ ಹಾಕಿದೆ. ಮಡಿಕೆಯ ಗೆರೆಗಳು ಬಿಳಚಿಕೊಂಡಿದ್ದವು, ನುಸಿ ತಿಂದಿರಲಿಲ್ಲ. ಅದನ್ನೂ ಎಣಿಸಿದೆ.

ಹೊರಡುವ ಹಿಂದಿನ ದಿನ ಅತ್ತೆಯೊಂದಿಗೆ ಗುಡಿಗೆ ಹೋದೆ. ಬಿಸಿಲು ಚುರುಗುಡುತ್ತಿತ್ತು. ಶೆಡ್ಡಿನ ಕೆಳಗೆ ಕೂತೆವು. ಆ ತಗಡುಗಳಲ್ಲಿ ನನ್ನ ಒಂದು ವರ್ಷ ಇತ್ತು. ನೆರಳು ಸಾಕಷ್ಟಿತ್ತು, ಕುರುಡಿ ಮುದುಕಿಯೊಬ್ಬಳು ನನ್ನ ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದಳು. ಕಣ್ಣು ಮುಚ್ಚಿ ಕೈಮುಗಿದೆ. ಬೇಡುವುದು ಏನೂ ನೆನಪಾಗಲಿಲ್ಲ. ಪೂಜಾರಿಯವರು ಬಂದು ಹಣೆಗೆ ಭಂಡಾರ ಹಚ್ಚಿದರು, ಅದು ತಂಪಾಗಿತ್ತು.

ಕಣ್ಣು ತೆರೆದಾಗ ಅತ್ತೆ ನನ್ನ ಮುಖದ ಹತ್ತಿರವೇ ಬಗ್ಗಿ ನೋಡುತ್ತಿದ್ದರು.

“ಏ, ಮತ್ತೇನರ ಹರಕಿ ಹೊತ್ತಿಯೇನ ಬೇ?”

“ಇಲ್ರಿ ಅತ್ತಿ.”

“ಖರೆ ಹೇಳ.”

“ಖರೇರಿ.”

“ಹೊತ್ರ ಮೊದಲ ನನಗ ಹೇಳ. ಆಮ್ಯಾಲ ಅವಗ ಹೇಳಾಕಂತಿ,” ಎಂದು ಗರ್ಭಗುಡಿಯ ಕಡೆ ಕೈ ತೋರಿಸಿದರು.

ಆಗ ನನಗೆ ಅಳು ಬಂತು. ಅಷ್ಟು ತಿಂಗಳಲ್ಲಿ ಅದೇ ಮೊದಲು. ಅತ್ತೆ ಏನೂ ಕೇಳದೆ ತಮ್ಮ ಸೆರಗಿನ ತುದಿ ನನ್ನ ಕೈಗೆ ಕೊಟ್ಟು, ಮಲಗಿದ್ದ ಮುದುಕಿಯ ಕಾಲಿಗೆ ಬಿಸಿಲು ಬೀಳುತ್ತಿದ್ದುದನ್ನು ನೋಡಿ ಅವಳನ್ನು ಎಬ್ಬಿಸಿ ಒಳಕ್ಕೆ ಸರಿಸಿದರು.